ಅಣಕವಾಡಿನ ಪಕ್ಕದಲ್ಲೇ ಮೂಲ ಹಾಡು: ಹಳೆಯ ಕಂಟ್ರಿ ಹಾಸ್ಯದ ರೆಕಾರ್ಡುಗಳನ್ನು ನಾನು ಕೂಡಿಸಿದ ಬಗೆ

ಟೆನೆಸಿಯಲ್ಲಿ ನೆಲೆಸಿದ ಮೇಲೆ ನಾನು ಅಮೆರಿಕದ ಹಳೆಯ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಜನಪ್ರಿಯ ಸಂಗೀತ) ಹಾಸ್ಯದ ರೆಕಾರ್ಡುಗಳನ್ನು, ಅದರಲ್ಲೂ ಅಣಕವಾಡುಗಳನ್ನು, ಸಂಗ್ರಹಿಸತೊಡಗಿದೆ. ಹಳೆಯ ಮನೆಗಳ ಸಾಮಾನು ಮಾರಾಟಗಳಲ್ಲಿಯೂ ಸಂತೆಗಳಲ್ಲಿಯೂ ಇವು ಅಗ್ಗಕ್ಕೆ ಸಿಗುತ್ತವೆ. ಆದರೆ ನೆಂಟರಿಷ್ಟರು ಸೇರಿದಾಗಲೆಲ್ಲ ಹಾಕಿ ನಕ್ಕ ರೆಕಾರ್ಡುಗಳಾದ್ದರಿಂದ ಗೀರು ಬೀಳದ ಪ್ರತಿ ಅಪರೂಪ.

ನನ್ನ ಕಪಾಟಿಗೆ ಒಂದೇ ನಿಯಮವಿದೆ: ಪ್ರತಿ ಅಣಕವಾಡಿನ ಪಕ್ಕದಲ್ಲಿ ಅದರ ಮೂಲ ಹಾಡಿನ ರೆಕಾರ್ಡು ಇರಲೇಬೇಕು. ಹೋಮರ್ ಮತ್ತು ಜೆತ್ರೊ ಜೋಡಿಯನ್ನು ಕೇಳಿದವರಿಗೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. 1936ರಲ್ಲಿ ನಾಕ್ಸ್‌ವಿಲ್‌ನ ರೇಡಿಯೊದಲ್ಲಿ ಜೊತೆಗೂಡಿದ ಹೆನ್ರಿ ಹೇನ್ಸ್ ಮತ್ತು ಕೆನೆತ್ ಬರ್ನ್ಸ್ ಅವರೇ ಈ ಹೆಸರುಗಳಲ್ಲಿ ಹಾಡಿದವರು. ಅರ್ಕಾನ್ಸಾದ ಶಾಲಾಮಾಸ್ತರ ಜಿಮ್ಮಿ ಡ್ರಿಫ್ಟ್‌ವುಡ್ ಅವರು ಮಕ್ಕಳಿಗೆ ಇತಿಹಾಸ ಕಲಿಸಲು ಅಮೆರಿಕನ್ನರು ಬ್ರಿಟಿಷರನ್ನು ಸೋಲಿಸಿದ ಕದನವೊಂದರ ಮೇಲೆ ಹಳೆಯ ಪಿಟೀಲು ಮಟ್ಟೊಂದಕ್ಕೆ ಕಟ್ಟಿದ ‘ದಿ ಬ್ಯಾಟಲ್ ಆಫ್ ನ್ಯೂ ಆರ್ಲಿಯನ್ಸ್’ ಹಾಡನ್ನು 1959ರಲ್ಲಿ ಜಾನಿ ಹಾರ್ಟನ್ ಹಾಡಿ ದೇಶವ್ಯಾಪಿ ಜನಪ್ರಿಯಗೊಳಿಸಿದರು. ಅದೇ ವರ್ಷ ಈ ಜೋಡಿ ಅದನ್ನು ‘ದಿ ಬ್ಯಾಟಲ್ ಆಫ್ ಕೂಕಮೊಂಗಾ’ ಎಂದು ಅಣಕಿಸಿ, ಕದನವನ್ನು ಹುಡುಗರ ಬೇಸಿಗೆ ಶಿಬಿರಕ್ಕೆ ಇಳಿಸಿತು, ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ನಮ್ಮ ಮನೆಗೆ ಬರುವ ಕನ್ನಡದ ಗೆಳೆಯರಿಗೆ ಈ ಹಾಡುಗಳಾವುವೂ ಬಾಲ್ಯದ ಪರಿಚಯವಲ್ಲ. ಅಣಕವನ್ನಷ್ಟೇ ಹಾಕಿದರೆ ಅವರು ಸೌಜನ್ಯಕ್ಕೆ ಮುಗುಳ್ನಗುತ್ತಾರೆ, ಹಾರ್ಟನ್ ಹಾಡನ್ನು ಮೊದಲು ಕೇಳಿಸಿದರೆ ಎರಡನೆಯದರ ಮೊದಲ ಸಾಲಿಗೇ ನಗು ಹೊಮ್ಮುತ್ತದೆ. ಎರಡನ್ನೂ ಒಟ್ಟಿಗೆ ಕೇಳಿದಾಗ ಇನ್ನೊಂದು ಸಂಗತಿಯೂ ಕಿವಿಗೆ ಬೀಳುತ್ತದೆ: ಪದ ಎಷ್ಟು ಒರಟಾಗಿದ್ದರೂ ಜೆತ್ರೊನ ಮ್ಯಾಂಡೊಲಿನ್ ಮತ್ತು ಹೋಮರನ ಗಿಟಾರು ಎಲ್ಲಿಯೂ ಒರಟಲ್ಲ. ಅವರು 1962ರಲ್ಲಿ ಹಾಸ್ಯವನ್ನು ಪೂರ್ತಿ ಬದಿಗಿಟ್ಟು ವಾದ್ಯಸಂಗೀತದ ಒಂದು ಎಲ್‌ಪಿಯನ್ನೇ (ಹಲವು ಹಾಡು ಹಿಡಿಯುವ ದೊಡ್ಡ ರೆಕಾರ್ಡು) ಹೊರತಂದವರು, ಅದನ್ನೂ ನಾನು ಅದೇ ಸಾಲಿನಲ್ಲಿಟ್ಟಿದ್ದೇನೆ.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಅರಗಿನ ತಟ್ಟೆಗಳನ್ನು ತೊಳೆಯುವಾಗ ಆಲ್ಕೊಹಾಲ್ ಸೋಕಿಸುವಂತಿಲ್ಲ, ಅದು ಅರಗನ್ನೇ ಕರಗಿಸುತ್ತದೆ. ಬಟ್ಟಿ ಇಳಿಸಿದ ನೀರು ಮತ್ತು ಮೃದುವಾದ ಕುಂಚ ಸಾಕು. ಅವುಗಳ ಗೀರುಹಾದಿ ಅಗಲವಾದ್ದರಿಂದ ಎಲ್‌ಪಿಯ ಮುಳ್ಳು ತಳಕ್ಕೆ ಜಾರಿ ಕರಕರ ಸದ್ದನ್ನಷ್ಟೇ ಎತ್ತುತ್ತದೆ. ಹಾಗಾಗಿ ಸುಮಾರು ಮೂರು ಪಟ್ಟು ದಪ್ಪನೆಯ ಬೇರೆ ಮುಳ್ಳನ್ನು ಬಳಸುತ್ತೇನೆ. ಡಿಜಿಟಲ್ ಪ್ರತಿಯನ್ನು 24 ಬಿಟ್, 96 ಕಿಲೋಹರ್ಟ್ಸ್‌ನ ಉನ್ನತ ಗುಣಮಟ್ಟದಲ್ಲಿ ತೆಗೆದು, ತಿದ್ದದ ಮೂಲಪ್ರತಿಯನ್ನು ಪ್ರತ್ಯೇಕವಾಗಿ ಉಳಿಸುತ್ತೇನೆ. ಹಾಸ್ಯದ ರೆಕಾರ್ಡಿಗೆ ಇದು ಬಹಳ ಮುಖ್ಯ, ಏಕೆಂದರೆ ಚಟಪಟ ಸದ್ದನ್ನು ಅಳಿಸುವ ತಂತ್ರಾಂಶಕ್ಕೆ ಸಭಿಕರ ಚಪ್ಪಾಳೆಯೂ ಗೀರಿನ ಸದ್ದಿನಂತೆಯೇ ಕಾಣುತ್ತದೆ. ಮಿಸಿಸಿಪ್ಪಿಯ ಯಾಜೂ ಸಿಟಿಯಲ್ಲಿ ಗೊಬ್ಬರ ಮಾರುತ್ತಿದ್ದು ಮುಂದೆ ಹಾಸ್ಯ ಕಥೆಗಾರರಾದ ಜೆರಿ ಕ್ಲೋವರ್ ಅವರ ಕಥನದಲ್ಲಿ ಕೇಳುಗರ ನಗೆಯೇ ತಾಳ. ಆ ನಗೆ ಮೊಂಡಾದರೆ ಕಥೆಯ ಲಯವೇ ಕೆಡುತ್ತದೆ. ಮಾತಿನ ನಡುವಿನ ಮೌನವನ್ನಂತೂ ನಾನು ಎಂದೂ ಕತ್ತರಿಸುವುದಿಲ್ಲ.

ಕೆಲವು ರೆಕಾರ್ಡುಗಳು ಇಂದು ಕಿರಿಕಿರಿ ತರುತ್ತವೆ. ಗಾಯಕ ಷೆಬ್ ವೂಲಿಯವರು ಬೆನ್ ಕೋಲ್ಡರ್ ಎಂಬ ಕುಡುಕನ ವೇಷದಲ್ಲಿ 1962ರಲ್ಲಿ ಹಾಡಿದ ‘ಡೋಂಟ್ ಗೋ ನಿಯರ್ ದಿ ಎಸ್ಕಿಮೋಸ್’ ಅಂಥದ್ದು. ರೆಕ್ಸ್ ಆ್ಯಲನ್ ಹಾಡಿದ ಅದರ ಮೂಲವೂ ಅಮೆರಿಕದ ಮೂಲನಿವಾಸಿಗಳನ್ನು ಕುರಿತದ್ದು. ಇಂಥವನ್ನು ನಾನು ಕಪಾಟಿನಿಂದ ತೆಗೆದಿಲ್ಲ, ಕತ್ತರಿಸಿಯೂ ಇಲ್ಲ. ಯಾವ ಕಾಲದಲ್ಲಿ, ಯಾರನ್ನು ಕಂಡು ನಕ್ಕರು ಎಂಬುದನ್ನು ಕೇಳಿಸುವ ಮುನ್ನ ಹೇಳುತ್ತೇನೆ.

ಹಂಚಿಕೊಳ್ಳುವುದಕ್ಕೆ ಕಾನೂನಿನ ಮಿತಿಯಿದೆ. 2018ರ ಅಮೆರಿಕದ ಕಾಯ್ದೆಯ ಪ್ರಕಾರ 1957ರಿಂದ 1972ರ ಫೆಬ್ರುವರಿ ಮಧ್ಯದವರೆಗಿನ ಧ್ವನಿಮುದ್ರಣಗಳ ಹಕ್ಕು 2067ರವರೆಗೆ ಉಳಿಯುತ್ತದೆ. ಆದ್ದರಿಂದ ಹಾಡುಗಳನ್ನು ಅಂತರಜಾಲಕ್ಕೆ ಏರಿಸದೆ ಲೇಬಲ್ಲಿನ ಸಂಖ್ಯೆ, ವರ್ಷ, ಮೂಲಹಾಡು, ಗಾಯಕರ ವಿವರಗಳ ಪಟ್ಟಿಯನ್ನು ಎಲ್ಲರಿಗೂ ತೆರೆದಿಟ್ಟಿದ್ದೇನೆ. ಕೇಳಬೇಕೆಂದವರು ಮನೆಗೆ ಬರುತ್ತಾರೆ. ಬರಲಾಗದ ನಂಬಿಕಸ್ಥರಿಗೆ ರೆಕಾರ್ಡನ್ನೇ ಎರವಲು ಕೊಡುತ್ತೇನೆ, ಯಾವಾಗಲೂ ಜೋಡಿಯಾಗಿ, ಮೊದಲು ಯಾವುದನ್ನು ಕೇಳಬೇಕೆಂಬ ಚೀಟಿಯೊಂದಿಗೆ.