ಕಾಂಡ್ಲಾ ಎಲೆಯ ನೀರು ಭತ್ತಕ್ಕೆ ವಿಷವೇ? ನಾನು ಪರೀಕ್ಷೆ ಮಾಡಿದ ಬಗೆ

ಕುಮಟಾ ಕಡೆಯ ಗಜನಿ ಗದ್ದೆಗಳಲ್ಲಿ ಅಘನಾಶಿನಿಯ ಉಪ್ಪುನೀರನ್ನು ಕಟ್ಟೆ ಹಾಕಿ ತಡೆಯುತ್ತಾರೆ. ಜೂನ್ ಮಳೆ ಮಣ್ಣಿನ ಉಪ್ಪು ತೊಳೆದ ಮೇಲೆ ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತವನ್ನು ಮೊಳಕೆ ಬರಿಸಿ ಬಿತ್ತುತ್ತಾರೆ. ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಟ್ಟರೆ ಅದೇ ಗದ್ದೆ ಸಿಗಡಿ, ಮೀನಿನ ಜಾಗವಾಗುತ್ತದೆ. ಕಟ್ಟೆಯ ಹೊರಗೆಲ್ಲ ಕಾಂಡ್ಲಾ, ಅಂದರೆ ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರ. ಕೆಲವು ಕಡೆ ಒಳಗೂ ಬೆಳೆದಿದೆ. ಆ ಅಂಚಿನಲ್ಲಿ ಪೈರು ಕುಳ್ಳಗೆ, ತೆಳ್ಳಗೆ ಇರುತ್ತದೆ ಎಂದು ಪರಿಚಯದ ರೈತರು ಹೇಳುತ್ತಲೇ ಇದ್ದರು. "ಎಲೆ ಬಿದ್ದು ನೀರು ಕೆಂಪಾಗ್ತದೆ ಮಾಸ್ತರೇ, ಆ ನೀರೇ ವಿಷ" ಎಂಬುದು ಅವರ ತೀರ್ಮಾನ.

ನಾನು ಸಸ್ಯಶಾಸ್ತ್ರ ಪಾಠ ಮಾಡುವವನು. ಒಂದು ಗಿಡ ಬಿಡುವ ರಾಸಾಯನಿಕ ಇನ್ನೊಂದು ಗಿಡವನ್ನು ತಡೆಯುವುದಕ್ಕೆ ಅಲೆಲೊಪತಿ ಎನ್ನುತ್ತಾರೆ. ಹೆಸರು ಇಟ್ಟದ್ದು ಹಾನ್ಸ್ ಮೋಲಿಶ್, 1937ರಲ್ಲಿ. ರೈತರ ಮಾತು ಸುಳ್ಳಿರಲಾರದು ಅನಿಸಿತು. ಆದರೆ ಉಪ್ಪು ನೆಲದಲ್ಲಿ ಪೈರು ಸೊರಗಲು ಕಾರಣಗಳು ಎಷ್ಟೊಂದು ಇವೆ! ಹಾಗಾಗಿ ಪರೀಕ್ಷೆ ಮಾಡುವ ಮುಂಚೆ ಯಾವ್ಯಾವುದನ್ನು ಬದಿಗಿಡಬೇಕು ಎಂದು ಯೋಚಿಸಿದೆ. ನಿಜ ಹೇಳಬೇಕೆಂದರೆ ನನ್ನ ಕೆಲಸದ ಮುಕ್ಕಾಲು ಪಾಲು ಅದೇ.

ಮೊದಲು ಎಲೆ. ಇಂಥ ಪರೀಕ್ಷೆಗಳಲ್ಲಿ ಹಸಿರು ಎಲೆ ಕಿತ್ತು, ಮಿಕ್ಸಿಗೆ ಹಾಕಿ ರುಬ್ಬಿ, ಆ ರಸವನ್ನು ಬೀಜಕ್ಕೆ ಹಾಕುವವರು ಜಾಸ್ತಿ. ಹಾಗೆ ಮಾಡಿದರೆ ಯಾವ ಗಿಡವೂ ವಿಷವೇ. ಗದ್ದೆಗೆ ಬೀಳುವುದು ಹಳದಿಯಾಗಿ ಉದುರಿದ ಎಲೆ, ರುಬ್ಬಿದ ಎಲೆ ಅಲ್ಲ. ಆದ್ದರಿಂದ ಮರದಡಿ ಬಲೆ ಕಟ್ಟಿ, ಉದುರಿದ ಎಲೆಯನ್ನಷ್ಟೇ ಹಿಡಿದೆ. ನೆರಳಲ್ಲಿ ಒಣಗಿಸಿ, ಹತ್ತು ಗ್ರಾಂ ಎಲೆಯನ್ನು 100 ಮಿಲಿ ಮಳೆನೀರಲ್ಲಿ ಒಂದು ಹಗಲು ಒಂದು ರಾತ್ರಿ ನೆನೆಸಿ ಸೋಸಿದೆ. ಕುದಿಸಲಿಲ್ಲ. ಅದನ್ನೇ ಅರ್ಧ, ಕಾಲು, ಹತ್ತರಲ್ಲೊಂದು ಎಂದು ತೆಳುಮಾಡಿದೆ.

ಎರಡು ಜಾತಿಯ ಎಲೆ ತೆಗೆದುಕೊಂಡೆ, ರೈಜೋಫೊರಾ ಮತ್ತು ಅವಿಸೆನ್ನಿಯಾ. ಎರಡೂ ಕಾಂಡ್ಲಾವೇ, ಆದರೆ ಉಪ್ಪಿನ ವಿಷಯದಲ್ಲಿ ಎರಡರದ್ದೂ ಬೇರೆ ದಾರಿ. ರೈಜೋಫೊರಾ ಬಹುಪಾಲು ಉಪ್ಪನ್ನು ಬೇರಿನಲ್ಲೇ ತಡೆಯುತ್ತದೆ. ಅವಿಸೆನ್ನಿಯಾ ಒಳಗೆ ಬಂದ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಗೆ ಹಾಕುತ್ತದೆ. ಬೇಸಿಗೆಯ ಮಧ್ಯಾಹ್ನ ಅದರ ಎಲೆ ನೆಕ್ಕಿ ನೋಡಿ, ಬಾಯಿ ಉಪ್ಪುಪ್ಪಾಗುತ್ತದೆ. ಇದು ಮುಂದೆ ತುಂಬಾ ಉಪಯೋಗಕ್ಕೆ ಬಂತು.

ಪೆಟ್ರಿ ಡಿಷ್, ಫಿಲ್ಟರ್ ಪೇಪರ್, ಮೇಲೆ ಕಗ್ಗದ ಬೀಜ. ಪ್ರಪಂಚದಲ್ಲೆಲ್ಲ ಇದಕ್ಕೆ ಲೆಟಿಸ್ ಬೀಜ ಬಳಸುವುದು ರೂಢಿ. ಬೇಗ ಮೊಳೆಯುತ್ತದೆ, ಸಣ್ಣ ತೊಂದರೆಗೂ ಸೊರಗುತ್ತದೆ. ಆದರೆ ಗಜನಿಯಲ್ಲಿ ಲೆಟಿಸ್ ಯಾರು ಬೆಳೆಯುತ್ತಾರೆ? ನನಗೆ ಬೇಕಾದದ್ದು ಕಗ್ಗ ಏನು ಮಾಡುತ್ತದೆ ಎಂಬುದು. ಹೋಲಿಕೆಗೆ ಉಪ್ಪು ತಡೆಯದ ಒಂದು ಮಾಮೂಲಿ ಭತ್ತವನ್ನೂ ಇಟ್ಟೆ. ಅಳೆದದ್ದು ಬೇರಿನ ಉದ್ದ. ಮೊಳಕೆ ಒಡೆಯಿತೋ ಇಲ್ಲವೋ ಎಂದು ಎಣಿಸುವುದಕ್ಕಿಂತ ಬೇರು ಎಷ್ಟು ಉದ್ದ ಹೋಯಿತು ಎಂಬುದು ಚೆನ್ನಾಗಿ ಮಾತಾಡುತ್ತದೆ.

ತೆಳುಮಾಡದ ಎಲೆ ನೀರಲ್ಲಿ ಎರಡೂ ಜಾತಿಯ ಎಲೆ ಭತ್ತದ ಬೇರನ್ನು ಗಿಡ್ಡ ಮಾಡಿತು. ಇಷ್ಟಕ್ಕೇ ನಿಂತು "ಕಾಂಡ್ಲಾ ವಿಷ" ಎಂದು ಬರೆದುಬಿಡಬಹುದಿತ್ತು, ಹಾಗೆ ಬರೆದವರೂ ಇದ್ದಾರೆ. ನಾನು ಇಸಿ ಮೀಟರ್ ಅದ್ದಿ ನೋಡಿದೆ. ನೀರಲ್ಲಿ ಎಷ್ಟು ಉಪ್ಪು ಕರಗಿದೆ ಎಂದು ಇದು ಹೇಳುತ್ತದೆ. ಸಮುದ್ರದ ನೀರು ಸುಮಾರು 50 (ಡೆಸಿಸೀಮನ್ಸ್/ಮೀಟರ್ ಲೆಕ್ಕದಲ್ಲಿ) ತೋರಿಸುತ್ತದೆ. ಮಣ್ಣಿನ ಇಸಿ 3ನ್ನು ದಾಟಿದರೆ ಸಾಮಾನ್ಯ ಭತ್ತದ ಇಳುವರಿ ಇಳಿಯತೊಡಗುತ್ತದೆ. ಅವಿಸೆನ್ನಿಯಾ ನೀರಿನ ಇಸಿ ಆ ಗೆರೆಯನ್ನು ಎಷ್ಟೋ ದಾಟಿತ್ತು. ಅಷ್ಟೇ ಇಸಿ ಬರುವ ಹಾಗೆ ಬರೀ ಉಪ್ಪುನೀರು ಮಾಡಿ, ಅದಕ್ಕೂ ಬೀಜ ಹಾಕಿದೆ. ಎರಡರಲ್ಲೂ ಬೇರು ಹೆಚ್ಚುಕಡಿಮೆ ಒಂದೇ. ಅಂದರೆ ಅವಿಸೆನ್ನಿಯಾ ಎಲೆಯ "ವಿಷ" ಬಹುಪಾಲು ಅಡುಗೆ ಉಪ್ಪೇ. ಕಗ್ಗ ಅದನ್ನು ಅಷ್ಟಾಗಿ ಲೆಕ್ಕಿಸಲಿಲ್ಲ, ಮಾಮೂಲಿ ಭತ್ತ ಮಲಗಿತು.

ರೈಜೋಫೊರಾ ಕತೆ ಬೇರೆ. ಅದರ ನೀರು ಕಡು ಚಹಾದ ಬಣ್ಣ, ಇಸಿ ಅಷ್ಟಿಲ್ಲ. ಸಮನಾದ ಉಪ್ಪುನೀರಿಗಿಂತ ಇದರಲ್ಲಿ ಕಗ್ಗದ ಬೇರು ಸ್ಪಷ್ಟವಾಗಿ ಗಿಡ್ಡವಾಗಿತ್ತು. ತುದಿ ಕಂದಾಗಿತ್ತು. ಎರಡು ಹನಿ ಫೆರಿಕ್ ಕ್ಲೋರೈಡ್ ಬಿಟ್ಟರೆ ನೀರು ಶಾಯಿಯಂತೆ ಕಪ್ಪುನೀಲಿಯಾಯಿತು. ಅದು ಟ್ಯಾನಿನ್, ಅಂದರೆ ಚಹಾಕ್ಕೆ ಒಗರು ಕೊಡುವ ಜಾತಿಯ ವಸ್ತುಗಳ ಗುರುತು.

ಇಲ್ಲಿ ಇದ್ದಿಲು ಕೈಹಿಡಿಯಿತು. ಆಕ್ಟಿವೇಟೆಡ್ ಚಾರ್ಕೋಲ್ ಟ್ಯಾನಿನ್‌ನಂಥ ವಸ್ತುಗಳನ್ನು ಹೀರುತ್ತದೆ, ಉಪ್ಪನ್ನು ಹೀರುವುದಿಲ್ಲ. ಎರಡೂ ಎಲೆ ನೀರನ್ನು ತೊಳೆದ ಇದ್ದಿಲಿನಲ್ಲಿ ಅಲ್ಲಾಡಿಸಿ ಸೋಸಿದೆ. ರೈಜೋಫೊರಾ ನೀರಿನ ಬಣ್ಣ ಹೋಯಿತು, ಬೇರು ಮತ್ತೆ ಉದ್ದವಾಯಿತು. ಅವಿಸೆನ್ನಿಯಾ ನೀರಲ್ಲಿ ಏನೂ ಬದಲಾಗಲಿಲ್ಲ. ಒಂದೇ ಪರೀಕ್ಷೆಯಲ್ಲಿ ಉಪ್ಪು ಯಾವುದು, ಎಲೆಯ ರಾಸಾಯನಿಕ ಯಾವುದು ಎಂದು ಬೇರೆಯಾಯಿತು. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ಇದ್ದಿಲನ್ನು ಸುಮ್ನೆ ನಂಬಬೇಡಿ. ತೊಳೆಯದ ಇದ್ದಿಲಿನ ಬೂದಿ ಪಿಎಚ್ ಏರಿಸುತ್ತದೆ. ಮಣ್ಣಿಗೆ ಬೆರೆಸಿದರೆ ಗೊಬ್ಬರದ ಅಂಶಗಳ ಲೆಕ್ಕವನ್ನೇ ಬದಲಿಸಿ, ವಿಷ ಇಲ್ಲದಿದ್ದರೂ ಗಿಡದ ಬೆಳವಣಿಗೆ ಬದಲಾಗಬಹುದು. ಇದನ್ನು 2008ರಲ್ಲೇ ತೋರಿಸಿದ್ದಾರೆ. ಹಾಗಾಗಿ ಬರೀ ಮಳೆನೀರು ಮತ್ತು ಇದ್ದಿಲಿನ ಒಂದು ಡಿಷ್ ಇಡಲೇಬೇಕು.

ಪೆಟ್ರಿ ಡಿಷ್‌ನಲ್ಲಿ ಕಂಡದ್ದು ಗದ್ದೆಯಲ್ಲೂ ನಡೆಯುತ್ತದೆಯೇ? ಇಲ್ಲಿ ನನಗೆ ಎಚ್ಚರಿಕೆ ಕೊಟ್ಟದ್ದು ಅಮೆರಿಕದ ಜೊಂಡಿನ ಜಗಳ. ಅಲ್ಲಿನ ಅಟ್ಲಾಂಟಿಕ್ ತೀರದ ಉಪ್ಪು ಜೌಗುಗಳಲ್ಲಿ ಫ್ರಾಗ್ಮೈಟಿಸ್ ಎಂಬ ಎತ್ತರದ ಜೊಂಡು ಊರಿನ ಹುಲ್ಲುಗಳನ್ನು ಒತ್ತರಿಸಿ ಹಬ್ಬಿದೆ. 2007ರಲ್ಲಿ ಡೆಲವೇರ್ ವಿಶ್ವವಿದ್ಯಾಲಯದ ತಂಡ, ಅದರ ಬೇರು ಗ್ಯಾಲಿಕ್ ಆಮ್ಲ ಬಿಟ್ಟು ನೆರೆಯ ಗಿಡಗಳ ಬೇರನ್ನು ಕೊಲ್ಲುತ್ತದೆ ಎಂದಿತು. ದೊಡ್ಡ ಸುದ್ದಿಯಾಯಿತು. 2013ರಲ್ಲಿ ಜೆಫ್ರಿ ವೈಡನ್‌ಹೇಮರ್ ಮತ್ತು ಜೊತೆಗಾರರು ಮತ್ತೆ ಅಳೆದರು. ಆ ಗಿಡದಲ್ಲಿ ಅಷ್ಟು ಗ್ಯಾಲಿಕ್ ಆಮ್ಲ ಸಿಗಲಿಲ್ಲ, ಮಣ್ಣಿಗೆ ಹಾಕಿದ್ದೂ ಬೇಗನೆ ಮಾಯವಾಯಿತು. ಡಿಷ್‌ನಲ್ಲಿ ಕೊಲ್ಲುವ ವಸ್ತು ಮಣ್ಣಿನಲ್ಲಿ ಉಳಿಯಬೇಕಲ್ವಾ?

ಅದಕ್ಕೇ ಅದೇ ರೈಜೋಫೊರಾ ನೀರನ್ನು ಎರಡು ಬಗೆಯ ಡಬ್ಬಿಗಳಿಗೆ ಹಾಕಿದೆ. ಒಂದರಲ್ಲಿ ತೊಳೆದ ಮರಳು, ಇನ್ನೊಂದರಲ್ಲಿ ಗಜನಿಯ ಹಸಿ ಕೆಸರು. ಮರಳಿನಲ್ಲಿ ಕಗ್ಗ ಸೊರಗಿತು. ಕೆಸರಿನಲ್ಲಿ ವ್ಯತ್ಯಾಸ ಹುಡುಕಿ ನೋಡಬೇಕಾಯಿತು. ಜೇಡಿ ಟ್ಯಾನಿನ್ ಹಿಡಿದಿಡುತ್ತದೆ, ಸೂಕ್ಷ್ಮಜೀವಿಗಳು ತಿಂದುಹಾಕುತ್ತವೆ.

ಕೆಸರಿನ ಬಗ್ಗೆ ಒಂದು ಮಾತು. ಅಳೆಯುವ ಮುಂಚೆ ಒಣಗಿಸಬೇಡಿ. ಕಾಂಡ್ಲಾ ಅಡಿಯ ಕಪ್ಪು ಕೆಸರಿಗೆ ಕೊಳೆತ ಮೊಟ್ಟೆಯ ವಾಸನೆ ಇರುತ್ತದೆ, ಸಲ್ಫೈಡ್‌ನದು. ಗಾಳಿ ತಾಗಿ ಒಣಗಿದರೆ ಅದರಲ್ಲಿನ ಗಂಧಕ ಆಮ್ಲವಾಗುತ್ತದೆ. ಇಂಥ ಮಣ್ಣಿನ ಪಿಎಚ್ 4ಕ್ಕಿಂತ ಕೆಳಗೆ ಇಳಿದುಬಿಡಬಹುದು. ಆ ಮಣ್ಣಿನಲ್ಲಿ ಪೈರು ಸತ್ತರೆ ಎಲೆಯನ್ನು ಬೈಯಬೇಡಿ. ಹಸಿ ಕೆಸರಿನ ಸಲ್ಫೈಡ್ ಕೂಡ ಬೇರಿಗೆ ವಿಷವೇ, ಆದರೆ ಅದನ್ನು ಮಾಡುವುದು ಬ್ಯಾಕ್ಟೀರಿಯಾ, ಕಾಂಡ್ಲಾ ಅಲ್ಲ.

ನೆರಳು, ಏಡಿ, ಹಕ್ಕಿ ಉಳಿದವು. ಕ್ಯಾಲಿಫೋರ್ನಿಯಾದಲ್ಲಿ ಸಾಲ್ವಿಯಾ ಪೊದೆಗಳ ಸುತ್ತ ಬೋಳು ನೆಲ ಇರುವುದು ಎಲೆಯ ಆವಿಯಿಂದ ಎಂದು 1964ರಲ್ಲಿ ಹೇಳಿದ್ದರು. 1970ರಲ್ಲಿ ಬಾರ್ತಲೊಮ್ಯೂ ಎಂಬವರು ಬೇಲಿ ಹಾಕಿ ಇಲಿ, ಮೊಲಗಳನ್ನು ತಡೆದರೆ ಅಲ್ಲಿ ಹುಲ್ಲು ಬಂತು! ನಾನೂ ಅಂಚಿನ ಪಟ್ಟಿಯಲ್ಲಿ ಸಣ್ಣ ಕಣ್ಣಿನ ಬಲೆ ಸುತ್ತಿದೆ. ಪಕ್ಕದಲ್ಲಿ ಬಲೆ ಇಲ್ಲದ ತುಂಡು. ಬಲೆಯೊಳಗೆ ಪೈರಿನ ಸಂಖ್ಯೆ ಜಾಸ್ತಿ, ಎತ್ತರ ಮಾತ್ರ ಆಗಲೂ ಕಡಿಮೆ. ಏಡಿ ತಿಂದದ್ದು ಹೌದು, ನೆರಳು ಹೊಡೆದದ್ದೂ ಹೌದು.

ಹಾಗಾದರೆ ರೈತರು ಹೇಳಿದ ಕೆಂಪು ನೀರು? ಅದರಲ್ಲೂ ನಿಜ ಇದೆ. ಕಟ್ಟೆಯ ಬುಡದ ತಗ್ಗಿನಲ್ಲಿ ಎಲೆ ರಾಶಿ ಬಿದ್ದು, ನೀರು ಹರಿಯದೆ ನಿಂತು, ಕಡು ಕಂದಾದ ಕಡೆ ಮೊಳಕೆಯ ಬೇರಿಗೆ ಪೆಟ್ಟು ಬೀಳುತ್ತದೆ. ಭರತ ಇಳಿತ ಆಡುವ ಜಾಗದಲ್ಲಿ, ಮಳೆ ಚೆನ್ನಾಗಿ ತೊಳೆದ ಜಾಗದಲ್ಲಿ ಆ ಪೆಟ್ಟು ಇಲ್ಲ. ಈಗ ಕೇಳಿದವರಿಗೆ ಹೇಳುವುದು ಇಷ್ಟೇ. ಬಿತ್ತನೆಗೆ ಮುಂಚೆ ಆ ತಗ್ಗಿನ ಎಲೆ ಎಳೆದು ತೆಗೆಯಿರಿ. ಇಳಿತದ ಹೊತ್ತಿಗೆ ಗೇಟು ತೆರೆದು ನಿಂತ ನೀರನ್ನು ಹೊರಗೆ ಬಿಡಿ. ಆಮೇಲೂ ಪೈರು ಕುಳ್ಳಗಿದ್ದರೆ ಇಸಿ ಅಳೆಯಿರಿ. ಕಾಂಡ್ಲಾ ಕಡಿಯುವ ಯೋಚನೆ ಬೇಡ. ಅದು ಕಾನೂನಿನ ರಕ್ಷಣೆಯಲ್ಲಿದೆ, ಅಘನಾಶಿನಿ ಅಳಿವೆ 2024ರಿಂದ ರಾಮ್ಸರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಹೌದು. ಅದೂ ಅಲ್ಲದೆ, ಕಟ್ಟೆಯನ್ನು ಅಲೆಯಿಂದ ಕಾಯುತ್ತಿರುವುದು ಅದೇ ಮರ.