ಹಸಿರು ಕಫದ ಸ್ಲೈಡ್‌ನಲ್ಲಿ ನಾನು ಮೊದಲು ನೋಡುವುದು

ಕಫದ ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟ ಕೂಡಲೇ ಬ್ಯಾಕ್ಟೀರಿಯಾ ಹುಡುಕಲು ಹೋಗಬಾರದು. ಹಾಸನದ ಲ್ಯಾಬೊಂದರಲ್ಲಿ ಟೆಕ್ನಿಷಿಯನ್ ಆಗಿ ಕೆಲಸ ಮಾಡುತ್ತಾ ನಾನು ಗಟ್ಟಿಯಾಗಿ ನಂಬಿರುವ ಮಾತಿದು. ಮೊದಲು ರೋಗಿಯ ಸ್ವಂತ ಜೀವಕೋಶಗಳನ್ನು ನೋಡಬೇಕು. ಶ್ವಾಸಕೋಶದ ಒಳಗೆ ದೇಹ ಹೋರಾಡುತ್ತಿದೆಯೇ ಇಲ್ಲವೇ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಮಳೆಗಾಲ ಹಿಡಿದರೆ ನಮ್ಮಲ್ಲಿಗೆ ಬರುವ ಕಫದ ಡಬ್ಬಿಗಳು ಜಾಸ್ತಿ. ಸಕಲೇಶಪುರ, ಆಲೂರು ಕಡೆಯ ತೋಟದ ಕೆಲಸದವರು ಬರುತ್ತಾರೆ. ಜ್ವರ, ನಡುಕ, ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚು ನೋವು. ಡಾಕ್ಟರ್ ನ್ಯುಮೋನಿಯಾ ಇರಬಹುದು ಅಂತ ಬರೆದು ಕಳಿಸಿರುತ್ತಾರೆ. ಡಬ್ಬಿ ಕೈಗೆ ಕೊಡುವಾಗ ನಾನು ಆತುರ ಮಾಡುವುದಿಲ್ಲ. ಸ್ಯಾಂಪಲ್ ಸರಿ ಇಲ್ಲದಿದ್ದರೆ ಮುಂದಿನದೆಲ್ಲ ವ್ಯರ್ಥ.

"ಇಷ್ಟ್ ಸಾಕಾ ಸಿಸ್ಟರ್?" ಅಂತ ಒಬ್ಬ ಹಿರಿಯರು ಡಬ್ಬಿ ತೋರಿಸಿದರು. ಒಳಗಿದ್ದದ್ದು ಬರೀ ಎಂಜಲು.

"ಯಜಮಾನ್ರೇ, ಇದು ಬಾಯಿಂದ ಬಂದಿದ್ದು. ನೀರಲ್ಲಿ ಬಾಯಿ ಮುಕ್ಕಳಿಸಿ. ಉಸಿರನ್ನ ಪೂರ್ತಿ ಒಳಗೆಳ್ಕೊಂಡು ಎದೆಯಿಂದ ಕೆಮ್ಮಿ."

"ಅದು ಹಸ್ರು ಬರುತ್ತೆ ಕಣಮ್ಮ. ನಿಮ್ಗೆ ಕೊಡೋಕೇ ಬೇಜಾರು. ಹಸ್ರು ಅಂದ್ರೆ ಒಳಗೆಲ್ಲ ವಿಷ ತುಂಬಿದೆ ಅಂತ ಅಲ್ವಾ?"

ಅಲ್ಲ. ಈ ಪ್ರಶ್ನೆ ಯಾರು ಕೇಳಿದರೂ ನಾನು ನಿಂತು ಉತ್ತರ ಹೇಳುತ್ತೇನೆ. ಆ ಹಸಿರು ಬ್ಯಾಕ್ಟೀರಿಯಾದ ಬಣ್ಣವಲ್ಲ, ಹೆಚ್ಚಿನ ಸಲ ಅದು ನಮ್ಮದೇ ಬಿಳಿ ರಕ್ತಕಣದ ಬಣ್ಣ. ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣದೊಳಗೆ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ ತುಂಬಿರುತ್ತದೆ. ಅದರಲ್ಲಿ ಕಬ್ಬಿಣದ ಅಂಶವಿದೆ, ಬಣ್ಣವೇ ಹಸಿರು. ನುಂಗಿದ ಬ್ಯಾಕ್ಟೀರಿಯಾವನ್ನು ಕೊಲ್ಲಲು ಅದು ಹೈಪೋಕ್ಲೋರಸ್ ಆಮ್ಲ ತಯಾರಿಸುತ್ತದೆ. ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕ್ರಿಮಿ ಕೊಲ್ಲುವುದೂ ಇದರಿಂದಲೇ. ಆದರೆ ಒಂದು ಎಚ್ಚರ: ವೈರಸ್‌ನಿಂದ ಬಂದ ಕೆಮ್ಮಿನಲ್ಲೂ ಕಫ ಹಸಿರಾಗಬಹುದು. ಬಣ್ಣ ನೋಡಿ ಮೆಡಿಕಲ್ ಶಾಪಿನಲ್ಲಿ ಆಂಟಿಬಯಾಟಿಕ್ ಕೇಳುವುದು ತಪ್ಪು.

ಕಫದಲ್ಲಿ ಕೀವಿನಂತೆ ದಪ್ಪಗಿರುವ ಭಾಗವನ್ನೇ ಆರಿಸಿ ಸ್ಲೈಡ್ ಮೇಲೆ ತೆಳ್ಳಗೆ ಸವರುತ್ತೇನೆ. ಒಣಗಿಸಿ, ಬಿಸಿ ತೋರಿಸಿ, ಕ್ರಿಸ್ಟಲ್ ವಯಲೆಟ್ ಅನ್ನುವ ನೇರಳೆ ಬಣ್ಣ ಹಾಕುತ್ತೇನೆ. ಆಮೇಲೆ ಬಣ್ಣ ಹಿಡಿದು ನಿಲ್ಲಲು ಅಯೋಡಿನ್, ಹಿಡಿಯದ್ದನ್ನು ತೊಳೆಯಲು ಅಸಿಟೋನ್, ಕೊನೆಗೆ ಕೆಂಪು ಬಣ್ಣದ ಸಫ್ರಾನಿನ್. ಅಸಿಟೋನ್ ಹಾಕುವಾಗ ಕಣ್ಣು ಬೇರೆ ಕಡೆ ಹೋಗಬಾರದು, ಕೆಲವೇ ಸೆಕೆಂಡಿನ ಕೆಲಸ ಅದು. ಈ ವಿಧಾನ ಹುಟ್ಟಿದ್ದೂ ಶ್ವಾಸಕೋಶದಿಂದಲೇ. ನ್ಯುಮೋನಿಯಾದಿಂದ ತೀರಿಕೊಂಡವರ ಶ್ವಾಸಕೋಶದ ತುಣುಕುಗಳಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣುವಂತೆ ಮಾಡಲು ಹೊರಟ ಡೆನ್ಮಾರ್ಕಿನ ವೈದ್ಯ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ, ಬರ್ಲಿನ್‌ನಲ್ಲಿದ್ದಾಗ ಇದನ್ನು ಕಂಡುಕೊಂಡು 1884ರಲ್ಲಿ ಪ್ರಕಟಿಸಿದರು. ನಾವು ಇವತ್ತಿಗೂ ಗ್ರಾಂ ಸ್ಟೇನ್ ಅನ್ನುತ್ತೇವೆ.

ಮೊದಲು ಕಡಿಮೆ ಪವರ್‌ನಲ್ಲಿ ನೋಡುತ್ತೇನೆ. ಚಪ್ಪಟೆಯಾದ ದೊಡ್ಡ ಕೋಶಗಳು ಕಂಡರೆ ಅವು ಬಾಯಿಯ ಒಳಚರ್ಮದವು. ಒಂದು ನೋಟದಲ್ಲಿ ಅವು 10ಕ್ಕಿಂತ ಕಡಿಮೆ, ನ್ಯೂಟ್ರೋಫಿಲ್ 25ಕ್ಕಿಂತ ಜಾಸ್ತಿ ಇದ್ದರೆ ಸ್ಯಾಂಪಲ್ ಚೆನ್ನಾಗಿದೆ ಅಂತ ಲೆಕ್ಕ. ಎರಡು, ಮೂರು, ನಾಲ್ಕು ಹಾಲೆಗಳಾಗಿ (ಉಬ್ಬಿದ ಭಾಗಗಳಾಗಿ) ಕಾಣುವ ನ್ಯೂಕ್ಲಿಯಸ್, ಅಂದರೆ ಕೋಶಕೇಂದ್ರ, ಇರುವ ನ್ಯೂಟ್ರೋಫಿಲ್‌ಗಳನ್ನು ಗುರುತಿಸುವುದು ಕಷ್ಟವಿಲ್ಲ. ನಡುವೆ ಅಲ್ಲೊಂದು ಇಲ್ಲೊಂದು ದುಂಡನೆಯ ದೊಡ್ಡ ಕೋಶ ಸಿಗುತ್ತದೆ, ಬೀಡಿ ಸೇದುವವರಲ್ಲಿ ಅದರ ಹೊಟ್ಟೆ ತುಂಬ ಕಪ್ಪು ಕಣಗಳು. ಅದು ಮ್ಯಾಕ್ರೋಫೇಜ್, ಶ್ವಾಸಕೋಶದ ತಳದ ಗಾಳಿಚೀಲಗಳಲ್ಲಿ ಇರುವ ಕಾವಲು ಕೋಶ. ಅದು ಸಿಕ್ಕರೆ ನನಗೆ ಖುಷಿ, ಏಕೆಂದರೆ ಕಫ ಶ್ವಾಸಕೋಶದ ತಳದಿಂದಲೇ ಬಂದಿದೆ ಅಂತ ಅರ್ಥ.

ಆ ತಳದವರೆಗೆ ಬ್ಯಾಕ್ಟೀರಿಯಾ ಹೋಗುವುದೇ ಸುಲಭವಲ್ಲ. ನಾವು ದಿನಕ್ಕೆ ಸುಮಾರು 10 ಸಾವಿರ ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ದಪ್ಪ ಧೂಳು ಮೂಗಲ್ಲೇ ನಿಲ್ಲುತ್ತದೆ. ದಾಟಿದ್ದು ಶ್ವಾಸನಾಳದ ಲೋಳೆಗೆ ಅಂಟಿಕೊಳ್ಳುತ್ತದೆ. ಆ ಲೋಳೆಯ ಕೆಳಗಿನ ಸೂಕ್ಷ್ಮ ರೋಮಗಳು ಗಾಳಿಗೆ ಗದ್ದೆಯ ಪೈರು ಬಾಗುವ ಹಾಗೆ ಅಲೆಅಲೆಯಾಗಿ ಬಾಗುತ್ತಾ ಎಲ್ಲವನ್ನೂ ಗಂಟಲಿನ ಕಡೆ ತಳ್ಳುತ್ತವೆ. ಲೋಳೆಯಲ್ಲೇ ಲೈಸೋಜೈಮ್ ಇದೆ, ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಕಿಣ್ವ. ಪೆನಿಸಿಲಿನ್‌ಗಿಂತ ಮೊದಲು, 1922ರಲ್ಲಿ, ಅಲೆಕ್ಸಾಂಡರ್ ಫ್ಲೆಮಿಂಗ್ ಇದರ ಬಗ್ಗೆ ಬರೆದಿದ್ದರು.

ಇಷ್ಟೂ ದಾಟಿ ಗಾಳಿಚೀಲಕ್ಕೆ ಬಂದ ಬ್ಯಾಕ್ಟೀರಿಯಾವನ್ನು ಅಲ್ಲೇ ಓಡಾಡಿಕೊಂಡಿರುವ ಮ್ಯಾಕ್ರೋಫೇಜ್ ನುಂಗುತ್ತದೆ. ಸಣ್ಣಪುಟ್ಟದ್ದನ್ನು ಅದು ಗದ್ದಲವಿಲ್ಲದೆ ಮುಗಿಸಿಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಅದು ಹಾಗೇ ಇರಬೇಕು. ಪ್ರತಿ ಧೂಳಿಗೂ ರಂಪ ಎಬ್ಬಿಸಿದರೆ ಗಾಳಿಚೀಲದಲ್ಲಿ ನೀರು ತುಂಬಿ ಉಸಿರಾಟಕ್ಕೇ ಕಷ್ಟ. ತನ್ನ ಕೈ ಮೀರಿದಾಗ ಮಾತ್ರ ಅದು ಕರೆ ಕಳಿಸುತ್ತದೆ. ಬ್ಯಾಕ್ಟೀರಿಯಾದ ಮೈಯ ಅಂಶಗಳನ್ನು ಗುರುತು ಹಿಡಿಯಲು ಅದರಲ್ಲಿ ಟೋಲ್ ಮಾದರಿಯ ಗ್ರಾಹಕಗಳಿವೆ. ಇಂಥ ಗುರುತು ಹಿಡಿಯುವಿಕೆಯನ್ನು ಬಿಡಿಸಿ ತೋರಿಸಿದ ಬ್ರೂಸ್ ಬ್ಯೂಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್ ಅವರಿಗೆ 2011ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಕರೆ ಹೋದ ಕೆಲವೇ ಗಂಟೆಗಳಲ್ಲಿ ರಕ್ತದಿಂದ ನ್ಯೂಟ್ರೋಫಿಲ್‌ಗಳು ಗಾಳಿಚೀಲಕ್ಕೆ ನುಗ್ಗುತ್ತವೆ. ಜ್ವರವೂ ಅದೇ ಕರೆಯ ಫಲ. ಎಕ್ಸ್‌ರೇಯಲ್ಲಿ ಕಾಣುವ ಬಿಳಿ ಮಚ್ಚೆಯಲ್ಲಿ ಬಹುಪಾಲು ಈ ಕೋಶಗಳು ಮತ್ತು ದ್ರವವೇ. ಹೋರಾಟ ಮುಗಿದ ಮೇಲೆ ಸತ್ತ ನ್ಯೂಟ್ರೋಫಿಲ್‌ಗಳನ್ನು ನುಂಗಿ ಗುಡಿಸುವುದು ಮತ್ತೆ ಮ್ಯಾಕ್ರೋಫೇಜೇ. ಜ್ವರ ಬಿಟ್ಟರೂ ಆ ಮಚ್ಚೆ ವಾರಗಟ್ಟಲೆ ಉಳಿಯುವುದು ಇದಕ್ಕೇ, ವಯಸ್ಸಾದವರಲ್ಲಂತೂ ಇನ್ನೂ ನಿಧಾನ.

ಆಮೇಲಷ್ಟೇ ಎಣ್ಣೆ ಹಾಕಿ ಹೈ ಪವರ್‌ಗೆ ಹೋಗುತ್ತೇನೆ. ನೇರಳೆ ಬಣ್ಣದ ಜೋಡಿ ಜೋಡಿ ಕಾಳುಗಳು, ಸುತ್ತ ಬಣ್ಣ ಹಿಡಿಯದ ತೆಳು ಬೆಳಕಿನ ಉಂಗುರ. ಅದು ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಇರಬಹುದು. ಆ ಉಂಗುರವೇ ಅದರ ಕವಚ. ಕವಚ ಇದ್ದರೆ ನ್ಯೂಟ್ರೋಫಿಲ್‌ಗೆ ಹಿಡಿತ ಸಿಗುವುದಿಲ್ಲ. 1928ರಲ್ಲಿ ಫ್ರೆಡೆರಿಕ್ ಗ್ರಿಫಿತ್ ಇಲಿಗಳಲ್ಲಿ ಮಾಡಿದ ಪ್ರಯೋಗದಲ್ಲಿ ಕವಚವಿದ್ದ ತಳಿ ಕೊಂದಿತು, ಕವಚವಿಲ್ಲದ್ದು ಕೊಲ್ಲಲಿಲ್ಲ. ಬ್ಯಾಕ್ಟೀರಿಯಾಕ್ಕೆ ಗುರುತು ಹಾಕುವ ರಕ್ತದ ಕಾಂಪ್ಲಿಮೆಂಟ್ ಪ್ರೋಟೀನ್‌ಗಳು ಕವಚದ ಮೇಲೆ ಅಂಟಿಕೊಂಡರೆ ಹಿಡಿತ ಸ್ವಲ್ಪ ಸುಲಭ. ಕೋಶದ ಹೊರಗೆ ಎಷ್ಟು ಬ್ಯಾಕ್ಟೀರಿಯಾ ಇವೆ ಅನ್ನುವುದರ ಜೊತೆಗೆ ನ್ಯೂಟ್ರೋಫಿಲ್‌ನ ಒಳಗೆ ಎಷ್ಟಿವೆ ಅಂತಲೂ ಹುಡುಕುತ್ತೇನೆ. ಒಳಗೆ ಕಂಡರೆ ರಿಪೋರ್ಟ್‌ನಲ್ಲಿ ಬರೆಯುತ್ತೇನೆ, ಏಕೆಂದರೆ ಬಾಯಲ್ಲಿ ಸುಮ್ನೆ ಇದ್ದ ಬ್ಯಾಕ್ಟೀರಿಯಾ ಅಲ್ಲ ಅನ್ನಲು ಅದೊಂದು ಒಳ್ಳೆಯ ಸುಳಿವು.

ಆ ಹಿರಿಯರದ್ದು ತುಂಬು ಸ್ಲೈಡ್. ನ್ಯೂಟ್ರೋಫಿಲ್ ರಾಶಿ, ಅವುಗಳ ಒಳಗೂ ಜೋಡಿ ಕಾಳುಗಳು. ಅವರಿಗೆ ಸಕ್ಕರೆ ಕಾಯಿಲೆಯೂ ಇತ್ತು, ಬೀಡಿಯೂ ಇತ್ತು. ಸಕ್ಕರೆ ಏರಿದ್ದರೆ ನ್ಯೂಟ್ರೋಫಿಲ್ ನಿಧಾನವಾಗಿ ಓಡುತ್ತದೆ, ಕೊಲ್ಲುವ ಶಕ್ತಿಯೂ ಕುಗ್ಗುತ್ತದೆ. ಬೀಡಿ ಹೊಗೆ ರೋಮಗಳನ್ನು ಹಾಳು ಮಾಡುತ್ತದೆ. ರಿಪೋರ್ಟ್ ಕೊಡುವಾಗ ಅವರ ಮಗನಿಗೂ ಇದನ್ನು ಹೇಳಿದೆ.

ನನಗೆ ಭಯ ಹುಟ್ಟಿಸುವುದು ಇನ್ನೊಂದು ಬಗೆಯ ಸ್ಲೈಡ್. ಬ್ಯಾಕ್ಟೀರಿಯಾ ಎಲ್ಲೆಲ್ಲೂ ಇವೆ, ನ್ಯೂಟ್ರೋಫಿಲ್ ಇಲ್ಲವೇ ಇಲ್ಲ. ಬಾಯಿಯ ಕೋಶಗಳು ತುಂಬಿದ್ದರೆ ಅದು ಎಂಜಲು, ಇನ್ನೊಂದು ಸ್ಯಾಂಪಲ್ ಕೇಳಿದರಾಯಿತು. ಅವೂ ಇಲ್ಲದಿದ್ದರೆ ಫಾರ್ಮ್ ತಿರುವಿ ನೋಡುತ್ತೇನೆ: ಬಿಳಿ ಕಣಗಳನ್ನು ಕುಗ್ಗಿಸುವ ಕಿಮೋ (ಕ್ಯಾನ್ಸರ್ ಔಷಧಿ) ನಡೆಯುತ್ತಿದೆಯೇ, ರಕ್ತದಲ್ಲಿ ಬಿಳಿ ಕಣ ಎಷ್ಟಿದೆ. ಇಂಥವರ ವಿಷಯದಲ್ಲಿ 25ರ ಲೆಕ್ಕ ಹಿಡಿದು ಸ್ಯಾಂಪಲ್ ಸರಿಯಿಲ್ಲ ಅಂತ ವಾಪಸ್ ಕಳಿಸಬಾರದು. ಕರೆ ಹೋಗಿದೆ, ಬರಲು ಕಣಗಳೇ ಇಲ್ಲ. ಜ್ವರ ಬಿಟ್ಟರೆ ಬೇರೆ ಲಕ್ಷಣವೇ ಕಾಣದೆ ಇರಬಹುದು, ಎಕ್ಸ್‌ರೇ ಕೂಡ ಮೊದಲಿಗೆ ಚೆನ್ನಾಗೇ ಇರಬಹುದು. ಆಗ ರಿಪೋರ್ಟ್ ಟೈಪ್ ಆಗುವವರೆಗೂ ಕಾಯುವುದಿಲ್ಲ. ಕೈ ತೊಳೆದು ನೇರ ವಾರ್ಡಿಗೆ ಫೋನ್ ಮಾಡಿ, ಡಾಕ್ಟರ್ ಲೈನಿಗೆ ಬರುವ ತನಕ ಇಡುವುದಿಲ್ಲ.