ಮೆಗ್ಗರ್ ಮೊದಲು, ಮೊಬೈಲ್ ಆಮೇಲೆ: ಹೊಸ ಮನೆಗೆ ಕರೆಂಟ್ ಅರ್ಜಿ ಹಾಕುವ ಬಗೆ

ಮನೆ ಕಟ್ಟಿ ಆಯ್ತು, ಬಣ್ಣ ಹೊಡೆದಾಯ್ತು, ಗೃಹಪ್ರವೇಶಕ್ಕೆ ದಿನ ಗೊತ್ತಾಯ್ತು. ಮೀಟರ್ ನೆನಪಾಗುವುದು ಆಗ. ಹಾಸನದ ಕಡೆ ಜನ ಇನ್ನೂ ‘ಕೆಇಬಿ ಆಫೀಸಿಗೆ ಹೋಗ್ಬೇಕು’ ಅಂತಲೇ ಹೇಳುತ್ತಾರೆ. ಕೆಇಬಿ ಹೋಗಿ ಎಷ್ಟೋ ಕಾಲವಾಯ್ತು. ಹಾಸನ ಜಿಲ್ಲೆಗೆ ಈಗ ಕರೆಂಟ್ ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ಪಕ್ಕದ ಚಿಕ್ಕಮಗಳೂರಿಗೆ ಮೆಸ್ಕಾಂ. ಎರಡೂ ಕಡೆ ಹೊಸ ಸಂಪರ್ಕಕ್ಕೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.

ಕಾಗದ ಎಲ್ಲ ಕೈಯಲ್ಲಿದ್ದರೆ ಅರ್ಜಿ ತುಂಬುವುದು ದೊಡ್ಡ ಕೆಲಸವಲ್ಲ. ಅದರ ಜೊತೆ ಹೋಗುವ ಒಂದು ಕಾಗದವೇ ದೊಡ್ಡದು. ಅದು ಕಂಪ್ಲೀಷನ್ ರಿಪೋರ್ಟ್. ‘ಈ ಮನೆಯ ವೈರಿಂಗ್ ಮುಗಿದಿದೆ, ಪರೀಕ್ಷೆ ಮಾಡಿದ್ದೇನೆ, ಕರೆಂಟ್ ಕೊಡಬಹುದು’ ಎಂದು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಬರೆದುಕೊಡುವ ಮಾತು ಅದು. ಪೋರ್ಟಲ್‌ಗೆ ಈ ಮಾತು ನಿಜವೋ ಸುಳ್ಳೋ ಗೊತ್ತಾಗುವುದಿಲ್ಲ. ಹಾಕಿದ್ದನ್ನು ತೆಗೆದುಕೊಳ್ಳುತ್ತದೆ, ಅಷ್ಟೇ. ಹಾಗಾಗಿ ಮೊದಲು ಮನೆಯಲ್ಲಿ ಆಗಬೇಕಾದ ಕೆಲಸ ನೋಡೋಣ, ಆಮೇಲೆ ಫೋನಿನದ್ದು.

ಸಹಿ ಯಾರದು, ಕೆಲಸ ಯಾರದು?

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು. 2023ರಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದಿವೆ. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಾಯಿಸುವಂಥ ಸಣ್ಣ ಕೆಲಸ ಬಿಟ್ಟು ಉಳಿದ ವೈರಿಂಗ್ ಕೆಲಸವನ್ನು ರಾಜ್ಯ ಸರ್ಕಾರದ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮೂಲಕವೇ ಮಾಡಿಸಬೇಕು. ಮೇಲ್ವಿಚಾರಣೆಗೆ ಅರ್ಹತಾ ಪತ್ರ ಇರುವವರು ಬೇಕು, ಕೈಯಾರೆ ಕೆಲಸ ಮಾಡುವವರಿಗೆ ಪರ್ಮಿಟ್ ಬೇಕು. ನಮ್ಮಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದು ಇಂಧನ ಇಲಾಖೆಯ ವಿದ್ಯುತ್ ಪರಿವೀಕ್ಷಣಾಲಯ.

ಊರಿನಲ್ಲಿ ನಡೆಯುವುದೇ ಬೇರೆ, ಅಲ್ವಾ? ಪರಿಚಯದ ಹುಡುಗ ಪಾಯಿಂಟ್ ಲೆಕ್ಕದಲ್ಲಿ ವೈರಿಂಗ್ ಮಾಡುತ್ತಾನೆ. ಕೊನೆಗೆ ಮನೆಯನ್ನೇ ನೋಡದ ಇನ್ನೊಬ್ಬರು ದುಡ್ಡು ತೆಗೆದುಕೊಂಡು ಸಹಿ, ಸೀಲು ಹಾಕುತ್ತಾರೆ. ಹುಡುಗನ ಕೆಲಸ ಚೆನ್ನಾಗಿಯೇ ಇರಬಹುದು. ಆದರೆ ಅದನ್ನು ಅಳೆದು ನೋಡಿದವರು ಯಾರೂ ಇಲ್ಲ. ಮನೆ ಮಾಲೀಕರು ದುಡ್ಡು ಕೊಟ್ಟು ಕೊಂಡದ್ದು ಒಂದು ಹಾಳೆ ಮಾತ್ರ.

ಇದಕ್ಕೆ ಪರಿಹಾರ ಕೆಲಸ ಶುರುವಾಗುವ ಮೊದಲೇ ಇದೆ. ಗೋಡೆ ಕೊರೆಯುವ ಮುಂಚೆಯೇ ಕಂಟ್ರಾಕ್ಟರ್ ಲೈಸೆನ್ಸ್‌ನ ಪ್ರತಿ ಕೇಳಿ. ಅದರ ಅವಧಿ ಮುಗಿಯುವ ತಾರೀಕು ನೋಡಿ. ‘ಟೆಸ್ಟ್ ಮಾಡೋಕೆ ಯಾರು ಬರ್ತಾರೆ, ಮೆಗ್ಗರ್ ಇದೆಯಾ?’ ಎಂದು ನೇರವಾಗಿ ಕೇಳಿ. ಮೆಗ್ಗರ್ ಎಂದರೆ ವೈರಿನ ಹೊದಿಕೆ ಗಟ್ಟಿಯಿದೆಯಾ ಎಂದು ಅಳೆಯುವ ಸಾಧನ. ಬೇಜಾರು ಮಾಡಿಕೊಳ್ಳುವವರು ಮಾಡಿಕೊಳ್ಳಲಿ. ವೈರಿಂಗ್ ಮಾಡುವ ಹುಡುಗರಿಗೂ ಒಂದು ಮಾತು: ಪರ್ಮಿಟ್ ಮಾಡಿಸಿಕೊಳ್ಳಿ. ವರ್ಷಗಟ್ಟಲೆ ಕೆಲಸ ಗೊತ್ತಿದ್ದೂ ಇನ್ನೊಬ್ಬರ ಸೀಲಿಗೆ ಕಾಯುವುದು ಯಾಕೆ?

ಮನೆಯಲ್ಲಿ ಮಾಡುವ ಪರೀಕ್ಷೆ

ಇಲ್ಲಿ ಆತುರ ಬೇಡ. ಈ ಪರೀಕ್ಷೆಗಳನ್ನು ಮಾಲೀಕರು ತಾವೇ ಮಾಡಲು ಹೋಗಬಾರದು. ಆದರೆ ಪಕ್ಕದಲ್ಲಿ ನಿಂತು ನೋಡಬಹುದು, ನೋಡಲೇಬೇಕು.

ಮೊದಲನೆಯದು ಇನ್ಸುಲೇಷನ್ ಪರೀಕ್ಷೆ. ವೈರಿನ ಮೇಲಿನ ಹೊದಿಕೆ ಎಲ್ಲಾದರೂ ಕಿತ್ತಿದೆಯಾ, ಮೊಳೆ ತಾಗಿದೆಯಾ, ನೀರು ಹೋಗಿದೆಯಾ ಎಂದು ಹೇಳುವುದು ಇದು. ಮೇನ್ ಸ್ವಿಚ್ ಆಫ್ ಇರಬೇಕು. ತಾತ್ಕಾಲಿಕ ಸಂಪರ್ಕದಿಂದ ಕೆಲಸ ನಡೆದಿದ್ದರೆ ಅದನ್ನೂ ಬಿಚ್ಚಿರಬೇಕು. ಎಲ್‌ಇಡಿ ಬಲ್ಬ್, ಫ್ಯಾನ್ ರೆಗ್ಯುಲೇಟರ್, ಯುಪಿಎಸ್, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಎಲ್ಲ ಬಿಡಿಸಿಟ್ಟು, ಗೋಡೆಯ ಸ್ವಿಚ್‌ಗಳನ್ನು ಆನ್ ಮಾಡಿ, 500 ವೋಲ್ಟ್‌ನ ಮೆಗ್ಗರ್‌ನಿಂದ ಒಂದು ನಿಮಿಷ ಅಳೆಯಬೇಕು. ಫೇಸ್‌ಗೂ ಅರ್ಥ್‌ಗೂ ನಡುವೆ, ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ, ಆಮೇಲೆ ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ. ಕನಿಷ್ಠ 1 ಮೆಗಾಓಮ್ ಬರಬೇಕು. ಅದು ತೀರಾ ಕೆಳಗಿನ ಮಿತಿ. ಹೊಸ ವೈರು, ಒಣಗಿದ ಗೋಡೆ ಇದ್ದರೆ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಹೊಸ ಮನೆಯಲ್ಲಿ 1 ಅಥವಾ 2 ಅಂತ ತೋರಿಸಿದರೆ ‘ಪಾಸ್’ ಎಂದು ಖುಷಿಪಡದೆ ಕಾರಣ ಹುಡುಕಿ.

ಸಕಲೇಶಪುರದ ಕಡೆ ಮಳೆಗಾಲದಲ್ಲಿ ಪ್ಲಾಸ್ಟರ್ ಮಾಡಿದ ಮನೆಗಳಲ್ಲಿ ಗೋಡೆಯೊಳಗಿನ ಪೈಪು, ಬಾಕ್ಸ್‌ಗಳಲ್ಲಿ ತೇವ ನಿಂತಿರುತ್ತದೆ. ಆಗ ಮೆಗ್ಗರ್ ಕಡಿಮೆ ತೋರಿಸುತ್ತದೆ. ಎಲ್ಲ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನಾಗಿ ಬೀಳುವ ಸ್ವಿಚ್) ಆಫ್ ಮಾಡಿ ಒಂದೊಂದೇ ಸರ್ಕ್ಯೂಟ್ ಅಳೆದರೆ ಯಾವುದರಲ್ಲಿ ತೊಂದರೆ ಎಂದು ತಿಳಿಯುತ್ತದೆ. ಗೋಡೆ ಒಣಗಲು ಬಿಟ್ಟು ಮತ್ತೆ ಅಳೆಯಿರಿ. ಓದು (ಮೆಗ್ಗರ್ ತೋರಿಸುವ ಅಂಕಿ) ಮೇಲೆ ಬಂದರೆ ತೇವದ್ದೇ ಕಾರಣ. ಬರದಿದ್ದರೆ ವೈರ್ ಎಳೆದು ನೋಡದೆ ಗತ್ಯಂತರವಿಲ್ಲ.

ಎರಡನೆಯದು ಅರ್ಥಿಂಗ್. ಗುಂಡಿ ತೋಡಿ ಪೈಪ್ ಹೂತು, ಉಪ್ಪು ಇದ್ದಿಲು ಸುರಿದು ಮುಚ್ಚಿದರೆ ಮುಗಿಯಿತು ಎಂಬ ನಂಬಿಕೆ ಎಲ್ಲ ಕಡೆ ಇದೆ. ಮುಗಿಯುವುದು ಅಳೆದ ಮೇಲೆ. ಅರ್ಥ್ ಟೆಸ್ಟರ್‌ನ ಎರಡು ಗೂಟಗಳನ್ನು ದೂರ ದೂರ ನೆಟ್ಟು ಅಳೆಯುತ್ತಾರೆ. ಓಮ್ ಕಡಿಮೆ ಬಂದಷ್ಟೂ ಒಳ್ಳೆಯದು. ಮಣ್ಣಿನಲ್ಲಿ ತೇವ ಇದ್ದಾಗ ಓದು ಚೆನ್ನಾಗಿರುತ್ತದೆ, ಒಣಗಿದಾಗ ಕೆಡುತ್ತದೆ. ಆದ್ದರಿಂದ ಅರಸೀಕೆರೆಯ ಬಯಲು ನೆಲದಲ್ಲಿ ಬೇಸಿಗೆಯಲ್ಲಿ ಅಳೆದ ಓದನ್ನೇ ನಂಬಬೇಕು. ಮಲೆನಾಡಿನಲ್ಲಿ ಆಷಾಢದ ಮಳೆಯಲ್ಲಿ ಅಳೆದು ‘ಸೂಪರ್ ಅರ್ಥಿಂಗ್’ ಎಂದು ಬೀಗಿದರೆ ಏಪ್ರಿಲ್‌ನಲ್ಲಿ ಇನ್ನೊಂದು ಸಲ ನೋಡಿ. ಹಾಗೆಯೇ ಪ್ರತಿ ಸಾಕೆಟ್‌ನ ಮೇಲಿನ ದೊಡ್ಡ ತೂತಿನಿಂದ ಅರ್ಥ್ ಬಾರ್‌ವರೆಗೆ ವೈರ್ ಕಡಿಯದೆ ಬಂದಿದೆಯಾ ಎಂದೂ ನೋಡಬೇಕು. ಗುಂಡಿ ಎಷ್ಟು ಚೆನ್ನಾಗಿದ್ದರೂ ಸಾಕೆಟ್‌ವರೆಗೆ ಅರ್ಥ್ ವೈರೇ ಬರದಿದ್ದರೆ ಗೀಸರ್ ಕೆಟ್ಟ ದಿನ ಅದು ಯಾರನ್ನೂ ಕಾಯುವುದಿಲ್ಲ.

ಮೂರನೆಯದು ಬೇಗ ಮುಗಿಯುತ್ತದೆ. ಸ್ವಿಚ್ ಫೇಸ್ ವೈರಿನಲ್ಲೇ ಇರಬೇಕು, ನ್ಯೂಟ್ರಲ್‌ನಲ್ಲಿ ಅಲ್ಲ. ಸಾಕೆಟ್‌ಗೆ ಎದುರಾಗಿ ನಿಂತರೆ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್.

ಕೊನೆಗೆ ಆರ್‌ಸಿಸಿಬಿ. ಮನೆಗೆ 30 ಮಿಲಿಆಂಪ್‌ನದ್ದು ಹಾಕಿ. ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ಇದರ ಪರೀಕ್ಷೆ ಆಗುವುದು ಕರೆಂಟ್ ಬಂದ ಮೇಲೆ. ‘ಸುಮ್ನೆ ಟ್ರಿಪ್ ಆಗ್ತಿರುತ್ತೆ’ ಎಂದು ಹೇಳಿ ಅದನ್ನು ಬೈಪಾಸ್ ಮಾಡುವ ಚಾಳಿ ಇದೆ. ಅದು ಸುಮ್ಮನೆ ಟ್ರಿಪ್ ಆಗುವುದು ಕಡಿಮೆ. ಎಲ್ಲೋ ನ್ಯೂಟ್ರಲ್ ಅರ್ಥ್‌ಗೆ ತಾಗಿರುತ್ತದೆ, ಇಲ್ಲವೇ ಎರಡು ಸರ್ಕ್ಯೂಟ್‌ಗಳ ನ್ಯೂಟ್ರಲ್ ಒಂದಕ್ಕೊಂದು ಸೇರಿಕೊಂಡಿರುತ್ತದೆ. ಎರಡೂ ವೈರಿಂಗ್ ತಪ್ಪುಗಳೇ.

ಓದುಗಳನ್ನು ಸರ್ಕ್ಯೂಟ್‌ವಾರು ಬರೆದಿಡಿ. ಮೆಗ್ಗರ್ ಪರದೆಯ ಫೋಟೊ, ಮುಚ್ಚುವ ಮೊದಲು ಅರ್ಥ್ ಗುಂಡಿಯ ಫೋಟೊ, ಪ್ಲಾಸ್ಟರ್‌ಗೆ ಮೊದಲು ಗೋಡೆಯ ಪೈಪುಗಳ ಫೋಟೊ ತೆಗೆದಿಡಿ. ಮುಂದೆ ಗೋಡೆಗೆ ಡ್ರಿಲ್ ಹಾಕುವಾಗ ಈ ಕೊನೆಯದರ ಬೆಲೆ ಗೊತ್ತಾಗುತ್ತದೆ.

ಇಂಗ್ಲೆಂಡ್‌ನಲ್ಲಿ ಬೇರೆ ರೀತಿ

ಹೊರದೇಶದ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರಿಂದ ಮನೆಯ ವೈರಿಂಗ್ ಕೂಡ ಕಟ್ಟಡ ನಿಯಮದೊಳಗೆ ಬಂದಿದೆ. ಇಂಗ್ಲೆಂಡ್‌ನಲ್ಲಿ ಹೊಸ ಸರ್ಕ್ಯೂಟ್ ಎಳೆದರೆ ಅಥವಾ ಡಿಬಿ (ಎಂಸಿಬಿಗಳಿರುವ ಪೆಟ್ಟಿಗೆ) ಬದಲಿಸಿದರೆ ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು. ಮಾನ್ಯತೆ ಪಡೆದ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡ ಎಲೆಕ್ಟ್ರಿಷಿಯನ್ ತನ್ನ ಕೆಲಸವನ್ನು ತಾನೇ ಪ್ರಮಾಣೀಕರಿಸಿ, ಆ ಸಂಸ್ಥೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಿಸುತ್ತಾನೆ. 30 ದಿನದೊಳಗೆ ಆಡಳಿತಕ್ಕೆ ಸುದ್ದಿ ಹೋಗುತ್ತದೆ, ಮಾಲೀಕರ ಕೈಗೆ ಪ್ರಮಾಣಪತ್ರ ಬರುತ್ತದೆ. ಮನೆ ಮಾರುವಾಗ ಕೊಳ್ಳುವವರು ಅದನ್ನು ಕೇಳುತ್ತಾರೆ. ನಮ್ಮಲ್ಲಿ ಮನೆ ಕೊಳ್ಳುವವರು ಖಾತೆ, ಇಸಿ ನೋಡುತ್ತಾರೆ. ವೈರಿಂಗ್ ರಿಪೋರ್ಟ್ ಕೇಳಿದವರನ್ನು ನಾನಂತೂ ಕಂಡಿಲ್ಲ.

ಈಗ ಫೋನ್ ತೆಗೆಯಿರಿ

ಪೋರ್ಟಲ್‌ನಲ್ಲಿ ಮೊದಲು ಕೇಳುವುದು ಮೊಬೈಲ್ ನಂಬರ್, ಅದಕ್ಕೆ ಒಟಿಪಿ ಬರುತ್ತದೆ. ಇಲ್ಲಿ ಮನೆ ಮಾಲೀಕರ ನಂಬರನ್ನೇ ಕೊಡಿ. ಕಂಟ್ರಾಕ್ಟರ್ ನಂಬರೋ ಸೈಬರ್ ಸೆಂಟರಿನವರ ನಂಬರೋ ಕೊಟ್ಟರೆ ಅರ್ಜಿಗೆ ಬರುವ ಸಂದೇಶವೆಲ್ಲ ಅವರಿಗೇ ಹೋಗುತ್ತದೆ. ‘ದಾಖಲೆ ಸರಿಯಿಲ್ಲ, ಮತ್ತೆ ಹಾಕಿ’ ಎಂಬ ಎಸ್‌ಎಂಎಸ್ ಯಾರದೋ ಫೋನಿನಲ್ಲಿ ಕೂತಿರುತ್ತದೆ, ನೀವು ಕೆಇಬಿಯವರನ್ನು ಬೈಯುತ್ತಾ ಕೂತಿರುತ್ತೀರಿ.

ಮುಂದೆ ಗುರುತಿನ ಚೀಟಿ, ಫೋಟೊ, ಜಾಗದ ದಾಖಲೆ. ಪಟ್ಟಣದಲ್ಲಾದರೆ ಇ-ಖಾತೆ, ಗ್ರಾಮ ಪಂಚಾಯಿತಿಯಲ್ಲಾದರೆ ಇ-ಸ್ವತ್ತು. ಆಧಾರ್‌ನಲ್ಲೂ ಖಾತೆಯಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ನೋಡಿಕೊಳ್ಳಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕಟ್ಟಡ ಪೂರ್ಣಗೊಂಡ ಅಥವಾ ವಾಸಯೋಗ್ಯ ಪ್ರಮಾಣಪತ್ರ ನೋಡಿಯೇ ಕರೆಂಟ್, ನೀರಿನ ಸಂಪರ್ಕ ಕೊಡಬೇಕು ಎಂದು ಹೇಳಿದೆ. ನಿಮ್ಮ ಅಳತೆಯ ಮನೆಗೆ ಅದು ಹೇಗೆ ಅನ್ವಯಿಸುತ್ತದೆ ಎಂದು ಸೆಕ್ಷನ್ ಆಫೀಸಿನಲ್ಲಿ ಕೇಳಿ. ಗೃಹಪ್ರವೇಶದ ಪತ್ರಿಕೆ ಅಚ್ಚಾಗುವ ಮೊದಲು ಕೇಳಿದರೆ ಒಳ್ಳೆಯದು.

ಲೋಡ್ ಬರೆಯುವಾಗ ಕಡಿಮೆ ತೋರಿಸುವ ಆಸೆ ಎಲ್ಲರಿಗೂ ಬರುತ್ತದೆ. ಡಿಪಾಸಿಟ್ ಕಡಿಮೆಯಾಗುತ್ತದಲ್ಲ! ಆದರೆ ಗೀಸರ್ ಒಂದೇ 2 ಅಥವಾ 3 ಕಿಲೋವ್ಯಾಟ್. 1 ಎಚ್‌ಪಿ ಮೋಟರ್ ಎಂದರೆ 746 ವ್ಯಾಟ್. ಇಂಡಕ್ಷನ್ ಒಲೆ, ಯುಪಿಎಸ್ ಬೇರೆ. ಇರುವುದನ್ನೂ ಸದ್ಯದಲ್ಲೇ ತರುವುದನ್ನೂ ಸೇರಿಸಿ ಬರೆಯಿರಿ. ಕಂಪ್ಲೀಷನ್ ರಿಪೋರ್ಟ್‌ನ ಲೋಡ್ ಮತ್ತು ಅರ್ಜಿಯ ಲೋಡ್ ಒಂದೇ ಇರಲಿ. ರಿಪೋರ್ಟನ್ನು ಸ್ಕ್ಯಾನ್ ಮಾಡುವಾಗ ಕಂಟ್ರಾಕ್ಟರ್ ಲೈಸೆನ್ಸ್ ಸಂಖ್ಯೆ, ಸಹಿ, ಸೀಲು ಓದುವಂತಿರಬೇಕು. ಅರ್ಜಿ ಹೋದ ಮೇಲೆ ಬರುವ ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಆಮೇಲೆ ಸೆಕ್ಷನ್ ಆಫೀಸಿನವರು ಜಾಗ ನೋಡಲು ಬರುತ್ತಾರೆ. ಕಂಬ ಎಷ್ಟು ದೂರ, ಮೀಟರ್ ಎಲ್ಲಿ ಎಂದು ನೋಡುತ್ತಾರೆ. ಅವತ್ತು ಕಂಟ್ರಾಕ್ಟರ್ ಕೂಡ ಇರಲಿ. ಮಂಜೂರಾದ ಮೇಲೆ ಡಿಪಾಸಿಟ್ ಮತ್ತು ಶುಲ್ಕವನ್ನು ರಸೀದಿ ಬರುವ ದಾರಿಯಲ್ಲೇ ಕಟ್ಟಿ. ಮೀಟರ್ ಕೂತು ಆರ್.ಆರ್. ನಂಬರ್, ಅಂದರೆ ನಿಮ್ಮ ಸಂಪರ್ಕದ ಸಂಖ್ಯೆ, ಬರುತ್ತದೆ. ಬಿಲ್‌ಗೂ ದೂರಿಗೂ ಮುಂದೆ ಬೇಕಾಗುವುದು ಅದೇ ನಂಬರ್.

ಇಷ್ಟೂ ಸಾಮಾನ್ಯ ಮನೆಯ ಮಾತು. 15 ಮೀಟರ್‌ಗಿಂತ ಎತ್ತರದ ಕಟ್ಟಡಕ್ಕೆ, ಎಚ್‌ಟಿ (ಹೆಚ್ಚು ವೋಲ್ಟೇಜ್‌ನ) ಸಂಪರ್ಕ ಬೇಕಾಗುವ ಕಾಫಿ ಕ್ಯೂರಿಂಗ್ ಕೆಲಸದಂಥ ಜಾಗಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆಯೂ ಬೇಕು. ಅದನ್ನು ಬೇರೆಯಾಗಿಯೇ ಬರೆಯಬೇಕು. ಎಸ್ಟೇಟ್‌ಗಳಲ್ಲಿ ಕಾರ್ಮಿಕರಿರುವ ಹಳೇ ಲೈನ್ ಮನೆಗಳಿಗೆ ಮಾತ್ರ ಈ ಮೆಗ್ಗರ್, ಅರ್ಥಿಂಗ್ ಪರೀಕ್ಷೆಯನ್ನು ಯಾರೂ ಕೇಳದಿದ್ದರೂ ಮಾಡಿಸಿ. ಒಮ್ಮೆ ಎಳೆದ ವೈರಿಗೆ ವರ್ಷಾನುಗಟ್ಟಲೆ ಜೋಡಣೆ ಮೇಲೆ ಜೋಡಣೆ ಬಿದ್ದಿರುತ್ತದೆ.

ಕರೆಂಟ್ ಬಂದ ದಿನ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ. ಟಕ್ ಎಂದು ಬೀಳಬೇಕು. ಬೀಳದಿದ್ದರೆ ಅವತ್ತೇ ಬದಲಿಸಿ, ಬಿದ್ದರೂ ಆಗಾಗ ಒತ್ತುತ್ತಿರಿ. ಡಿಬಿಯಲ್ಲಿ ಯಾವ ಎಂಸಿಬಿ ಯಾವ ಕೋಣೆಯದು ಎಂದು ಕನ್ನಡದಲ್ಲೇ ಬರೆದು ಅಂಟಿಸಿ. ಅವಸರದಲ್ಲಿ ಅದನ್ನು ಹುಡುಕುವವರು ಮನೆಯ ಅಜ್ಜಿಯೂ ಆಗಿರಬಹುದು. ಮುಂದೊಂದು ದಿನ ಮೇಲೆ ಇನ್ನೊಂದು ಮಹಡಿ ಎಬ್ಬಿಸಿದರೆ ಅಥವಾ ಎಸಿ ತಂದರೆ ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಿ. ಹೊಸ ವೈರಿಗೆ ಹೊಸ ರಿಪೋರ್ಟ್ ಬೇಕು, ಹಳೆಯದರ ಜೆರಾಕ್ಸ್ ಅಲ್ಲ. ಕಂಬದಲ್ಲಿ ಕಿಡಿ ಹಾರಿದರೆ, ಮಳೆಗೆ ಸರ್ವಿಸ್ ವೈರ್ ಹರಿದು ಬಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ.